ಓಣಿಗೆ ದೀಪ ಕಟ್ಟುವವರಿಗೆ

ದೀಪಾವಳಿಗೆ ಓಣಿಯಿಡೀ ದೀಪ ಕಟ್ಟುವುದಿದ್ದರೆ ಮೊದಲು ನೈಲಾನ್ ಹಗ್ಗ ತನ್ನಿ, ದೀಪ ಆಮೇಲೆ. ಮಂಗಳೂರು, ಉಡುಪಿ ಕಡೆ ಆ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಸಂಜೆ ಗುಡುಗಿನ ಮಳೆ ಬಂದಾಗ ಗಾಳಿಗೆ ತೂಗುವ ಸೀರಿಯಲ್ ಲೈಟಿನ ಸಪೂರ ವಯರು ಜೋಡಿಸಿದ ಕಡೆಯೇ ಕಿತ್ತು ಬರುತ್ತದೆ. ಭಾರವನ್ನು ಹಗ್ಗ ಹೊರಬೇಕು. ಹಗ್ಗವನ್ನು ಸ್ವಲ್ಪ ಸಡಿಲ ಬಿಟ್ಟು ಎಳೆದು ಕಟ್ಟಿ, ದೀಪದ ಸರವನ್ನು ಅದಕ್ಕೆ ಒಂದೊಂದು ಅಡಿಗೆ ಕಟ್ಟುತ್ತಾ ಹೋಗಿ. ರಸ್ತೆಗೆ ಅಡ್ಡ ಹೋಗುವ ಹಗ್ಗ 18 ಅಡಿಗಿಂತ ಕೆಳಗೆ ಬೇಡ, ಲಾರಿ ಬರುವ ದಾರಿ ಅದು. ತೆಂಗಿನ ಮರಕ್ಕೆ ಕಟ್ಟಬೇಡಿ. ಒಂದು ಮಡಲು ಬಿದ್ದರೆ ಇಡೀ ಸಾಲು ನೆಲಕ್ಕೆ. ವಿದ್ಯುತ್ ಕಂಬವನ್ನಂತೂ ಮುಟ್ಟುವುದೇ ಬೇಡ. ಎರಡು ಮನೆಗಳ ತಾರಸಿಯ ಕೊಕ್ಕೆಗಳೇ ಸಾಕು.

ಕರೆಂಟು ಎಷ್ಟು ಎಳೆಯುತ್ತದೋ ಎಂಬ ಹೆದರಿಕೆ ಹಲವರಿಗಿದೆ. ಹತ್ತು ಮೀಟರಿನ ಎಲ್‌ಇಡಿ ಸರ ಹತ್ತು ವ್ಯಾಟಿನ ಆಸುಪಾಸು. ಹತ್ತು ಸರ ಸೇರಿದರೂ ಹಳೆಯ ಒಂದು ದೊಡ್ಡ ಬಲ್ಬಿನಷ್ಟೇ. ಅಪಾಯ ಇರುವುದು ಜಾಯಿಂಟಿನಲ್ಲಿ. ಅಗ್ಗದ ಸರದ ಸಪೂರ ವಯರಿನಲ್ಲಿ ಮನೆಯ 230 ವೋಲ್ಟೇ ನೇರ ಹರಿಯುತ್ತಿರುತ್ತದೆ. ಇನ್ಸುಲೇಶನ್ ಟೇಪು ಸುತ್ತಿದರೂ ನೀರು ಒಳಗೆ ಹೋಗುವುದು ನಿಲ್ಲುವುದಿಲ್ಲ, ಬಿಸಿಲಿಗೆ ಅದರ ಅಂಟು ಬಿಟ್ಟುಕೊಳ್ಳುತ್ತದೆ. ಪ್ಲಗ್ಗು ಸೇರುವ ಜಾಗವನ್ನು ಸೂರಿನ ಅಡಿಗೆ ತನ್ನಿ. ಆಗದಿದ್ದರೆ ನೀರಿನ ಬಾಟ್ಲಿಯ ತಳ ಕತ್ತರಿಸಿ, ಕತ್ತರಿಸಿದ ಬಾಯಿ ಕೆಳಗಿರುವಂತೆ ಕವುಚಿ ಕಟ್ಟಿ, ಮುಚ್ಚಳ ಬಿಗಿಯಾಗಿರಲಿ, ವಯರು ಕೆಳಗಿನಿಂದಲೇ ಒಳಗೆ ಹೋಗಲಿ. ಜಾಯಿಂಟಿಗಿಂತ ಒಂದು ಗೇಣು ಕೆಳಗೆ ವಯರು ಇಳಿದು ಮತ್ತೆ ಮೇಲೇರಬೇಕು. ವಯರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಪಾಗಾರದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡು ಇಡುವ ಅಭ್ಯಾಸ ದಯವಿಟ್ಟು ಬಿಡಿ, ಮಕ್ಕಳು ಒದ್ದೆ ಕಾಲಲ್ಲಿ ಪಟಾಕಿ ಹಿಡಿದು ಅಲ್ಲೇ ಓಡಾಡುವುದು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇರುವ ಲೈನಿನಿಂದಲೇ ಕರೆಂಟು ಕೊಡಿ, ಹಬ್ಬಕ್ಕೆ ಮೊದಲು ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಇಡೀ ಓಣಿಗೆ ಒಂದೇ ಮನೆಯಿಂದ ಎಳೆಯುವುದಕ್ಕಿಂತ ಅವರವರ ಮನೆಯೆದುರಿನ ಸರ ಅವರವರ ಮೀಟರಿಗೇ ಇರುವುದು ಒಳ್ಳೆಯದು. ಒಂದು ಕಡೆ ಟ್ರಿಪ್ ಆದರೆ ಉಳಿದ ಮನೆಗಳ ದೀಪ ಉರಿಯುತ್ತಿರುತ್ತದೆ.

ಬಣ್ಣ ಎಲ್ಲರದೂ ಒಂದೇ ಇರಲಿ, ಮಿಣುಕದೆ ನಿಂತು ಉರಿಯಲಿ. ಒಂದೊಂದು ಮನೆ ಒಂದೊಂದು ವೇಗದಲ್ಲಿ ಮಿಣುಕಿದರೆ ಕಣ್ಣಿಗೆ ಹಿಂಸೆ, ಗೂಡುದೀಪ (ಆಕಾಶಬುಟ್ಟಿ) ಅದರಲ್ಲಿ ಕಾಣುವುದೇ ಇಲ್ಲ. ಓಣಿಗೆ ಕಳೆ ಕೊಡುವುದು ಗೂಡುದೀಪವೇ.

ಅದನ್ನು ಮನೆಯಲ್ಲೇ ಮಾಡಿ. ಒಂದಡಿ ಉದ್ದದ 24 ಬಿದಿರು ಕಡ್ಡಿಗಳಿಂದ ಆರು ಚೌಕ ಕಟ್ಟಿ, ಚೌಕದ ಮೂಲೆಗೆ ಮೂಲೆ ಸೇರಿಸಿದರೆ ಗೂಡು ತಾನೇ ನಿಲ್ಲುತ್ತದೆ, ನಡುವೆ ಎಂಟು ತ್ರಿಕೋನ ಉಳಿಯುತ್ತವೆ. ಹಸಿ ಬಿದಿರು ಒಣಗುವಾಗ ಸೊಟ್ಟಗಾಗಿ ಕಾಗದ ಹರಿಯುತ್ತದೆ, ಸೀಳಿದ ಕಡ್ಡಿಯನ್ನು ನಾಲ್ಕು ದಿನ ನೆರಳಲ್ಲಿ ಒಣಗಿಸಿ. ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವವರೆಗೆ ಕೈಯಾಡಿಸಿ. ಇಳಿಸಿದ ಮೇಲೆ ಚಿಟಿಕೆ ಮೈಲುತುತ್ತು ಹಾಕಿದರೆ ಬೂಸ್ಟು ಬಾರದು, ಜಿರಳೆ ತಿನ್ನದು. ಅದು ವಿಷ; ಪಾತ್ರೆ ಬೇರೆ ಇರಲಿ, ಮಕ್ಕಳ ಕೈಗೆ ಕೊಡಬೇಡಿ. ಮೇಲಿನ ಮತ್ತು ಕೆಳಗಿನ ಚೌಕಕ್ಕೆ ಕಾಗದ ಹಚ್ಚದಿದ್ದರೆ ಬಿಸಿ ಹೊರಗೆ ಹೋಗುತ್ತದೆ, ಬಲ್ಬು ಬದಲಿಸಲೂ ಸುಲಭ. ಒಳಗೆ 5 ವ್ಯಾಟಿನ ಎಲ್‌ಇಡಿ ಧಾರಾಳ ಸಾಕು. ಹಳೆಯ 60 ವ್ಯಾಟಿನ ಬಲ್ಬು ಕಾಗದವನ್ನು ಕರಟಿಸುತ್ತದೆ.

ತುಳಸಿ ಪೂಜೆಯವರೆಗೆ ದೀಪ ಇರಲಿ. ಕ್ರಿಶ್ಚಿಯನ್ ಮನೆಗಳೂ ಇರುವ ಓಣಿಯಾದರೆ ಆಮೇಲೆ ಸರ ಮಾತ್ರ ಬಿಚ್ಚಿ, ಹಗ್ಗ ಬಿಡಿ. ಡಿಸೆಂಬರಿನಲ್ಲಿ ಕ್ರಿಸ್ಮಸ್ ನಕ್ಷತ್ರ ತೂಗಿಸಲು ಅದೇ ಬೇಕಾಗುತ್ತದೆ.

ಬಿಚ್ಚಿದ ಸರವನ್ನು ಹಾಗೇ ಮುದ್ದೆ ಮಾಡಿ ಎತ್ತಿಡಬೇಡಿ. ಕಡಲಗಾಳಿಯ ಉಪ್ಪು ಬಲ್ಬಿನ ಕಾಲಿಗೆ, ಅಂದರೆ ಅದರ ಬುಡದ ತಂತಿಗೆ, ತುಕ್ಕು ಹಿಡಿಸುತ್ತದೆ. ಮರುವರ್ಷ ಸರದ ಒಂದು ತುಂಡು ಮಾತ್ರ ಉರಿಯದಿದ್ದರೆ ಅಲ್ಲಿ ಎಲ್ಲೋ ಒಂದು ಬಲ್ಬಿನ ಕಾಲು ಮುರಿದಿರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಿಸಿಲಿಗೆ ಹಾಕಿ, ರಟ್ಟಿಗೆ ಸುತ್ತಿ, ಇಲಿ ಕಡಿಯದಂತೆ ತಗಡಿನ ಡಬ್ಬಿಯಲ್ಲಿಡಿ. ರಟ್ಟಿನ ಮೇಲೆ ಯಾವ ಮನೆಯದು, ಎಷ್ಟು ಮೀಟರು ಎಂದು ಬರೆದಿಡಿ.