ಜಿಇಡಿ ಕಟ್ಟುವ ದೊಡ್ಡವರಿಗೆ ನಾನು ಪಾಠ ಮಾಡುವ ರೀತಿ

ನಾನು ಅಮೆರಿಕದಲ್ಲಿ ಮನೆಪಾಠ ಮಾಡುತ್ತೇನೆ. ಶಾಲೆ ಮಕ್ಕಳೂ ಬರುತ್ತಾರೆ, ಆದರೆ ಈಗ ಜಾಸ್ತಿ ಬರುವವರು ಜಿಇಡಿ ಕಟ್ಟುವ ದೊಡ್ಡವರು. ಹೈಸ್ಕೂಲ್ ಅರ್ಧಕ್ಕೆ ಬಿಟ್ಟವರಿಗೆ ಅದಕ್ಕೆ ಸಮನಾದ ಸರ್ಟಿಫಿಕೇಟ್ ಕೊಡಿಸುವ ಪರೀಕ್ಷೆ ಇದು. 1942ರಲ್ಲಿ, ಓದು ಮುಗಿಸದೆ ಯುದ್ಧಕ್ಕೆ ಹೋದವರಿಗಾಗಿ ಶುರುವಾಯಿತು. ಈಗ ನಾಲ್ಕು ವಿಷಯ: ಗಣಿತ, ಭಾಷೆ, ವಿಜ್ಞಾನ, ಸಮಾಜ. ಪ್ರತಿಯೊಂದರಲ್ಲೂ 145 ಬಂದರೆ ಪಾಸ್. ಅಂಕ ಶುರುವಾಗೋದೇ 100ರಿಂದ, ಮೇಲೆ 200ರವರೆಗೆ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. 145 ಎಂದ ಕೂಡಲೇ ಎಷ್ಟೋ ಜನ ಗಾಬರಿಯಾಗುತ್ತಾರೆ.

ಬಂದವರೆಲ್ಲ ದಪ್ಪನೆಯ ಗೈಡ್ ಹಿಡಿದು ಬರುತ್ತಾರೆ. ನಾನು ಅದನ್ನು ಪಕ್ಕಕ್ಕಿಡಿಸಿ ಬಿಳಿ ಹಾಳೆ ಕೊಡುತ್ತೇನೆ. ಲೆಕ್ಕ ಮಾಡುವಾಗ ಮನಸ್ಸಿನಲ್ಲಿ ಬಂದದ್ದನ್ನು ಬಾಯಿ ಬಿಟ್ಟು ಹೇಳಿ ಎನ್ನುತ್ತೇನೆ. ಗಣಿತ ಎಲ್ಲಿ ಕೈಬಿಟ್ಟಿದೆ ಅಂತ ಆಗಲೇ ಗೊತ್ತಾಗುವುದು. ಬೀಜಗಣಿತ ಬರಲ್ಲ ಅಂತ ಬಂದವರಲ್ಲಿ ಹೆಚ್ಚಿನವರು ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಭಿನ್ನರಾಶಿಯಲ್ಲಿ.

ಇಬ್ಬರು ಮಕ್ಕಳ ತಾಯಿಯೊಬ್ಬರು ಬರುತ್ತಿದ್ದರು. 1/2ಕ್ಕೆ 1/3 ಕೂಡಿಸಿ ಎಂದೆ. ತಡಮಾಡದೆ 2/5 ಎಂದು ಬರೆದರು. ತಪ್ಪು ಅಂತ ನಾನು ಹೇಳಲಿಲ್ಲ. "2/5 ಅಂದರೆ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?" ಎಂದು ಕೇಳಿದೆ. ಐದರ ಅರ್ಧ ಎರಡೂವರೆ ಅಲ್ವಾ, ಹಾಗಾದರೆ ಕಡಿಮೆ ಎಂದರು. ಆಮೇಲೆ ಹಾಳೆಯನ್ನೇ ನೋಡುತ್ತಾ ಕೂತರು. ಕೈಯಲ್ಲಿ ಅರ್ಧ ಇತ್ತು, ಇನ್ನಷ್ಟು ಸೇರಿಸಿದೆ, ಕಡಿಮೆ ಹೇಗಾಯಿತು? ಆ ಪ್ರಶ್ನೆ ಅವರಿಂದಲೇ ಬಂತು. ಒಂದು ಪಟ್ಟಿ ಎಳೆದು ಆರು ಭಾಗ ಮಾಡಿದೆವು. ಅರ್ಧ ಎಂದರೆ ಮೂರು ಭಾಗ, ಮೂರನೇ ಒಂದು ಎಂದರೆ ಎರಡು. ಒಟ್ಟು 5/6. ಛೇದ ಒಂದೇ ಆಗಬೇಕು ಎಂಬ ನಿಯಮ ಅವರು ಹಿಂದೆಯೂ ಬಾಯಿಪಾಠ ಮಾಡಿದ್ದರು. ಯಾಕೆ ಅಂತ ಗೊತ್ತಾದದ್ದು ಆವತ್ತು.

ಉತ್ತರ ಬರೆದ ಮೇಲೆ ಅದು ಹೊಂದುತ್ತದೆಯೇ ಅಂತ ಅಂದಾಜು ಮಾಡಿ ನೋಡುವ ಅಭ್ಯಾಸ ಬಂದುಬಿಟ್ಟರೆ ಅರ್ಧ ಕೆಲಸ ಆಯಿತು ಅಂತಲೇ ನನ್ನ ನಂಬಿಕೆ. ಭಿನ್ನರಾಶಿ, ಋಣ ಸಂಖ್ಯೆ, ಶೇಕಡಾ, ಇಷ್ಟು ಗಟ್ಟಿಯಾಗುವವರೆಗೆ ನಾನು ಸಮೀಕರಣ ಮುಟ್ಟುವುದಿಲ್ಲ. ಸೂತ್ರ ಉರು ಹೊಡೆಸುವುದೂ ಇಲ್ಲ. ಪರೀಕ್ಷೆಯಲ್ಲಿ ಸೂತ್ರಗಳ ಹಾಳೆ ಕೊಡುತ್ತಾರೆ. ಯಾವ ಲೆಕ್ಕಕ್ಕೆ ಯಾವ ಸೂತ್ರ ಅಂತ ಗುರುತಿಸುವುದು ಮುಖ್ಯ.

ಕ್ಯಾಲ್ಕುಲೇಟರ್‌ಗೆ ಮಾತ್ರ ಬೇರೆಯೇ ಸಮಯ ಇಡುತ್ತೇನೆ. ಪರೀಕ್ಷೆಯದು ಟಿಐ-30ಎಕ್ಸ್‌ಎಸ್. ಅದರಲ್ಲಿ ಕಳೆಯುವ ಗುಂಡಿ ಬೇರೆ, ಋಣ ಚಿಹ್ನೆಯ ಗುಂಡಿ ಬೇರೆ. 5 × −3 ಮಾಡುವಾಗ ಕಳೆಯುವ ಗುಂಡಿ ಒತ್ತಿದರೆ ಎರರ್ ಬರುತ್ತದೆ. ಇನ್ನೊಂದು: ಆವರಣ ಹಾಕದೆ −3ರ ವರ್ಗ ಕೇಳಿದರೆ ಅದು −9 ತೋರಿಸುತ್ತದೆ. (−3) ಎಂದು ಹಾಕಿದರೆ 9. ಲೆಕ್ಕ ಚೆನ್ನಾಗಿ ಗೊತ್ತಿದ್ದವರೂ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ, ಅದು ನನಗೆ ತುಂಬಾ ಬೇಜಾರು.

ಭಾಷೆಯ ಪತ್ರಿಕೆಯಲ್ಲಿ 45 ನಿಮಿಷದ ಪ್ರಬಂಧ ಇರುತ್ತದೆ. ಎರಡು ವಾದ ಕೊಟ್ಟು ಯಾವುದಕ್ಕೆ ಆಧಾರ ಬಲವಾಗಿದೆ ಅಂತ ಕೇಳುತ್ತಾರೆ. ಹೆಚ್ಚಿನವರು ತಮ್ಮ ಅಭಿಪ್ರಾಯ ಬರೆದು ಬರುತ್ತಾರೆ. ಅದಕ್ಕೆ ಬರೆಯುವ ಮೊದಲು ಆಧಾರಗಳ ಕೆಳಗೆ ಗೆರೆ ಎಳೆಸುತ್ತೇನೆ, ಅಷ್ಟೇ.

ವಿಜ್ಞಾನ, ಸಮಾಜಕ್ಕೆ ಇಷ್ಟು ಒದ್ದಾಟವಿಲ್ಲ. ಅಲ್ಲಿ ಹೆಚ್ಚಾಗಿ ಬೇಕಾದದ್ದು ಕೊಟ್ಟ ನಕ್ಷೆ, ಪಟ್ಟಿ, ಗದ್ಯ ಓದಿ ಅರ್ಥ ಮಾಡಿಕೊಳ್ಳುವುದು.

ನಾಲ್ಕನ್ನೂ ಒಂದೇ ದಿನ ಬರೆಯಬೇಕಿಲ್ಲ. ಕಷ್ಟದ ಗಣಿತವನ್ನೇ ಮೊದಲು ಮುಗಿಸಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಪರೀಕ್ಷೆ ಎಂದರೆ ಫೇಲ್ ಅಂತಲೇ ಅಂದುಕೊಂಡವರಿಗೆ ಮೊದಲು ಒಂದು ಪಾಸ್ ಕಾಣಬೇಕು. ಆ ತಾಯಿಗೆ ಸಮಾಜ ಮೊದಲು ಬರೆಯಿರಿ ಎಂದೆ. ಬರೆದರು, ಪಾಸಾದರು. ಮುಂದಿನ ವಾರ ಗಣಿತದ ಲೆಕ್ಕಗಳನ್ನು ಮನೆಯಲ್ಲೇ ಮಾಡಿಕೊಂಡು ಬಂದಿದ್ದರು, ನಾನು ಕೊಟ್ಟದ್ದಕ್ಕಿಂತ ಜಾಸ್ತಿ.