ಲುವಾಪುಲಾ ಕಣಿವೆಯಲ್ಲಿ ನಮ್ಮ ಆರು ವರ್ಷ: ನನ್ನ ಅನುಭವ

"ನಿಮ್ಮ ಅಂಗಡಿ ಎಲ್ಲಿ?" ಬಸ್ಸಿನಿಂದ ಇಳಿದ ದಿನವೇ ಒಬ್ಬ ಹುಡುಗ ನಮ್ಮನ್ನು ಹೀಗೆ ಕೇಳಿದ. ಜಾಂಬಿಯಾದ ರಾಜಧಾನಿ ಲುಸಾಕಾದಿಂದ ಹೊರಟು, ಸೆರೆಂಜೆ ಪಟ್ಟಣ ದಾಟಿ, ಬಾಂಗ್ವೆಯುಲು ಜೌಗಿನ ನಡುವಿನ ರಸ್ತೆಯಲ್ಲಿ ಇಡೀ ರಾತ್ರಿ ಕುಳಿತು ಬಂದಿದ್ದೆವು. ಮಗಳು ಸೂಟ್‌ಕೇಸಿನ ಮೇಲೆ ತಲೆಯಿಟ್ಟು ಮಲಗಿದ್ದಳು, ಮಗ ನನ್ನ ಕಂಕುಳಲ್ಲಿದ್ದ. ಜಾಂಬಿಯಾದಲ್ಲಿ ಭಾರತೀಯನೆಂದರೆ 'ಮ್ವೆನ್ಯೆ', ಎಂದರೆ ಹೆಚ್ಚಿನವರ ಮನಸ್ಸಿನಲ್ಲಿ ವ್ಯಾಪಾರಿ. ಗುಜರಾತಿನಿಂದ ಹೋದ ಕುಟುಂಬಗಳು ತಲೆಮಾರುಗಳಿಂದ ಅಲ್ಲಿ ಅಂಗಡಿ ನಡೆಸಿಕೊಂಡು ಬಂದಿವೆ. ಸಭಾಪಾಲಕನಾಗಿ ಬಂದ ಮ್ವೆನ್ಯೆಯನ್ನು ಆ ಊರು ಕಂಡಿರಲಿಲ್ಲ.

ನಾವು ಬಳ್ಳಾರಿಯವರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ಊರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಂದರು. ಅದೇ ಮಿಷನ್ 1900ರಲ್ಲಿ ಲುವಾಪುಲಾ ಕಣಿವೆಯ ಎಂಬೆರೇಶಿಯಲ್ಲಿ ನೆಲೆಯೂರಿತು. 1915ರಲ್ಲಿ ಮೇಬಲ್ ಷಾ ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ನಮ್ಮಲ್ಲಿ 1947ರಲ್ಲಿ ಹಲವು ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಆದಂತೆ ಅಲ್ಲಿ 1965ರಲ್ಲಿ ಜಾಂಬಿಯಾದ ಐಕ್ಯ ಸಭೆ ರೂಪುಗೊಂಡಿತು. ಹಳೆಯ ಲಂಡನ್ ಮಿಷನ್ 1977ರಲ್ಲಿ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ ಆದ ಮೇಲೆ ಸೇವಕರು ಲಂಡನ್ನಿನಿಂದಲೇ ಹೊರಡಬೇಕೆಂಬ ನಿಯಮವಿಲ್ಲ. ಅದರಲ್ಲಿ ಸೇರಿದ ಯಾವ ಸಭೆಯಿಂದ ಯಾವ ಸಭೆಗಾದರೂ ಹೋಗಬಹುದು. ನಮ್ಮ ಯಜಮಾನರಿಗೆ ಕರೆ ಬಂದದ್ದು ಆ ದಾರಿಯಲ್ಲಿ. ನಾನು ನರ್ಸ್ ಕೆಲಸ ಬಿಟ್ಟು ಜೊತೆಗೆ ಹೊರಟೆ.

ಮೊದಲ ವರ್ಷ ಅಲ್ಲಿನ ಜನ ಆಡುವ ಬೆಂಬಾ ಭಾಷೆ ಕಲಿಯುವುದಕ್ಕೇ ಹೋಯಿತು. ಕನ್ನಡದವರಿಗೆ ಅದರಲ್ಲಿ ಒಂದು ಸೌಕರ್ಯವಿದೆ: ಹ್ರಸ್ವ ದೀರ್ಘಗಳಿಗೆ ಕಿವಿ ಪಳಗಿರುತ್ತದೆ, ಹಿರಿಯರಿಗೆ ಬಹುವಚನ ಹಾಕುವುದು ನಮ್ಮ ರಕ್ತದಲ್ಲೇ ಇದೆ. ಬೆಂಬಾದಲ್ಲಿಯೂ ಗೌರವಕ್ಕೆ 'ಬ' ಎಂಬ ಬಹುವಚನದ ಗುರುತು ಸೇರುತ್ತದೆ. ಇಂಗ್ಲಿಷಿನಲ್ಲೇ ಯೋಚಿಸುವವರು ತಿಂಗಳುಗಟ್ಟಲೆ ಒದ್ದಾಡುವುದನ್ನು ನಾನು ವಾರದಲ್ಲಿ ಹಿಡಿದೆ. ದನಿಯ ಏರಿಳಿತ ಮಾತ್ರ ಕೊನೆಯವರೆಗೂ ಕಾಡಿತು. ಮಗಳ ಹೆಸರಿಗೆ 'ಬನಾ' ಸೇರಿಸಿ ನನ್ನನ್ನು ಅವಳ ತಾಯಿಯೆಂದೇ ಕರೆದರು. ಆರು ವರ್ಷದಲ್ಲಿ ನನ್ನ ಸ್ವಂತ ಹೆಸರು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಅದು ನನಗೆ ಇಷ್ಟವಾಯಿತು.

ಊಟದ ಚಿಂತೆ ಬೇಗ ಕಳೆಯಿತು. ಮರಗೆಣಸಿನ ಹಿಟ್ಟನ್ನು 'ಉಮ್ವಿಕೋ' ಎಂಬ ಮರದ ಸೌಟಿನಿಂದ ತಿರುವಿ ಮಾಡುವ ಉಬ್ವಾಲಿ ನಮ್ಮ ಮುದ್ದೆಯ ತಂಗಿ. ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ ಪಲ್ಯವನ್ನು ತೋಡಿಕೊಳ್ಳಬೇಕು. ಮಕ್ಕಳು ನನಗಿಂತ ಮುಂಚೆ ಕಲಿತರು.

ನಾವು ದೊಡ್ಡ ತಪ್ಪು ಮಾಡಿದ್ದು ಸಾವಿನ ಮನೆಗಳಲ್ಲಿ. ಬಳ್ಳಾರಿಯಲ್ಲಿ ಮಾಡಿದಂತೆಯೇ ಹೋಗಿ, ಕೀರ್ತನೆ ಓದಿ, ಪ್ರಾರ್ಥಿಸಿ, ಅರ್ಧ ಗಂಟೆಯಲ್ಲಿ ಹಿಂತಿರುಗುತ್ತಿದ್ದೆವು. ಸಭೆಯ ಒಬ್ಬ ಹಿರಿಯಾಕೆ ಒಂದು ಸಂಜೆ ನನ್ನ ಕೈ ಹಿಡಿದು ಹೇಳಿದರು: "ನೀವು ಬರುತ್ತೀರಿ, ಹೋಗುತ್ತೀರಿ. ಇನ್ನೂ ಒಂದು ರಾತ್ರಿಯೂ ಮಲಗಿಲ್ಲ."

ಅಲ್ಲಿ 'ಮಲಿಲೋ' ಎಂದರೆ ದಿನಗಟ್ಟಲೆಯ ಇರುವಿಕೆ. ಕಿಟ್ವೆ, ಎಂಡೋಲಾಗಳ ತಾಮ್ರದ ಗಣಿ ಪಟ್ಟಣಗಳಿಂದ ನೆಂಟರು ಬಂದು ಸೇರುವವರೆಗೂ ಗಂಡಸರು ಹೊರಗೆ ಬೆಂಕಿಯ ಸುತ್ತ ಕೂರುತ್ತಾರೆ, ಹೆಂಗಸರು ಒಳಗೆ ನೆಲದ ಮೇಲೆ. ಮುಂದಿನ ಸಾವಿಗೆ ನಾನು ಚಾಪೆ ಹಿಡಿದು ಹೋದೆ. ಮಗುವನ್ನು ಕಳೆದುಕೊಂಡ ಮನೆ. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಕಾಲು ಚಾಚಿ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದರು. ಯಾರೋ ಒಬ್ಬರು ಹಾಡು ಎತ್ತುತ್ತಿದ್ದರು, ಉಳಿದವರು ದನಿ ಸೇರಿಸುತ್ತಿದ್ದರು, ಮತ್ತೆ ದೀರ್ಘ ಮೌನ. ನಡುರಾತ್ರಿಯ ಹೊತ್ತಿಗೆ ಆ ತಾಯಿ ಕಣ್ಣು ಮುಚ್ಚಿ ನನ್ನ ಮೊಣಕಾಲಿನ ಮೇಲೆ ತಲೆಯಿಟ್ಟಳು. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಬಾಯಿಬಿಟ್ಟು ಒಂದು ಪ್ರಾರ್ಥನೆಯನ್ನೂ ಮಾಡಲಿಲ್ಲ. ಮುಂದಿನ ಭಾನುವಾರ ಆ ಬೀದಿಯ ಹೆಂಗಸರು ತಾವಾಗಿಯೇ ನಮ್ಮ ಅಂಗಳಕ್ಕೆ ಬಂದು, ಮಕ್ಕಳ ಜ್ವರದ ಬಗ್ಗೆ, ಬಸುರಿಯರ ಬಗ್ಗೆ ಕೇಳತೊಡಗಿದರು. ನನ್ನ ಆರೋಗ್ಯ ಪಾಠಗಳು ಶುರುವಾದದ್ದು ಹಾಗೆ. ವರ್ಷವಿಡೀ ಆಹ್ವಾನ ಪತ್ರ ಬರೆದರೂ ಅವರು ಬಂದಿರಲಿಲ್ಲ.

ಮೂರನೆಯ ವರ್ಷದ ಮಳೆಗಾಲದಲ್ಲಿ ಮಗನಿಗೆ ಮಲೇರಿಯಾ ಬಂತು. ಬೆರಳು ಚುಚ್ಚಿ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟರು, ಆದರೂ ಎರಡನೆಯ ರಾತ್ರಿ ಸೆಳವು ಬಂತು. ನರ್ಸ್ ಆಗಿದ್ದ ನನ್ನ ಕೈಗಳೇ ನಡುಗಿದವು. ಅವನನ್ನು ಆಸ್ಪತ್ರೆಗೆ ಒಯ್ದೆವು. ನಾವು ಯಾರಿಗೂ ಹೇಳಿ ಕಳುಹಿಸಿರಲಿಲ್ಲ. ಬೆಳಗಾಗುವಾಗ ವಾರ್ಡಿನ ಹೊರಗಿನ ಸಿಮೆಂಟು ಜಗಲಿಯ ಮೇಲೆ ಚಿಟೆಂಗೆ ಬಟ್ಟೆ ಹಾಸಿಕೊಂಡು ಹನ್ನೊಂದು ಹೆಂಗಸರು ಮಲಗಿದ್ದರು. ಆ ಹಿರಿಯಾಕೆ ಒಂದು ಪಾತ್ರೆ ಗಂಜಿ ತಂದಿದ್ದರು, ಮಗನಿಗಲ್ಲ, ನನಗೆ. ದೇವರ ಕೃಪೆಯಿಂದ ಮಗ ಉಳಿದ. ಸೇವೆ ಮಾಡಲು ಹೋದವರು ನಾವು ಎಂಬ ಮಾತನ್ನು ಅಂದಿನಿಂದ ನಾನು ಸಲೀಸಾಗಿ ಆಡಲಾರೆ.

ಮಕ್ಕಳ ಓದು ಮಾತ್ರ ನಿಜವಾಗಿ ಕಷ್ಟವಾಯಿತು. ಮಗಳನ್ನು ದೂರದ ವಸತಿ ಶಾಲೆಗೆ ಕಳುಹಿಸಿದೆವು, ಒಂದು ವರ್ಷದಲ್ಲಿ ಮರಳಿ ಕರೆತಂದೆವು. ಅಲ್ಲಿ ಅವಳು ರಾತ್ರಿಗಳಲ್ಲಿ ಅಳುತ್ತಿದ್ದುದನ್ನು ನಮಗೆ ಯಾರೂ ತಿಳಿಸಿರಲಿಲ್ಲ. ಆ ವರ್ಷದ ಬಗ್ಗೆ ಇಂದಿಗೂ ನನಗೆ ಸಂಕಟವಿದೆ. ತಂದೆತಾಯಿಯ ಕರೆಗೆ ಮಕ್ಕಳು ಬೆಲೆ ತೆರುವುದನ್ನು ಪ್ರಸಂಗಗಳಲ್ಲಿ ತ್ಯಾಗವೆಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ. ಅವರನ್ನು ಯಾರೂ ಕೇಳಿರುವುದಿಲ್ಲ.

ಈಗ ಇನ್ನೊಂದು ಕುಟುಂಬ ಅತ್ತ ಕಡೆ ಹೊರಡಲು ಸಿದ್ಧವಾಗುತ್ತಿದೆ. ಏನೇನು ಕಟ್ಟಿಕೊಳ್ಳಬೇಕೆಂದು ಅವರು ಕೇಳಿದರು. ಸೊಳ್ಳೆ ಪರದೆ, ಮಕ್ಕಳಿಗೆ ಕನ್ನಡ ಪುಸ್ತಕ, ಜ್ವರ ಅಳೆಯುವ ಎರಡು ಥರ್ಮಾಮೀಟರ್, ಸೌರ ದೀಪ ಎಂದು ಬರೆದು ಕೊಟ್ಟೆ. ಮೊದಲ ವರ್ಷ ಭಾಷೆ ಬಿಟ್ಟು ಬೇರೆ ಹೊಣೆ ಹೊರಿಸುವುದಿಲ್ಲವೆಂದು ಕಳುಹಿಸುವವರಿಂದ ಬರವಣಿಗೆಯಲ್ಲಿ ಪಡೆಯಿರಿ ಎಂದೂ ಸೇರಿಸಿದೆ. ಚಾಪೆ ಬೇಡ, ಅದು ಅಲ್ಲಿನ ಮಾನ್ಸಾ ಪಟ್ಟಣದ ಸಂತೆಯಲ್ಲಿ ಸಿಗುತ್ತದೆ. ತಲುಪಿದ ವಾರವೇ ಕೊಳ್ಳಿ.