ಇಲಿಗೆ ಮರೆವು ಬಂದಿದೆ ಎನ್ನುವ ಮೊದಲು

ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕದ ಕೆಲಸ ಕುಂಠಿತವಾದಾಗ ನೆನಪು ಹೇಗೆ ಕೆಡುತ್ತದೆ, ಭದ್ರಾ ನಾಲೆಯ ಬದುಗಳಲ್ಲಿ ಬೆಳೆಯುವ ಒಂದೆಲಗದ ಸಾರ ಅದನ್ನು ತಡೆಯಬಲ್ಲುದೇ ಎಂಬುದನ್ನು ನಾನು ದಾವಣಗೆರೆಯ ಔಷಧಶಾಸ್ತ್ರ ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆ. ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಪಡೆದು, ವಿಸ್ಟರ್ ಎಂಬ ತಳಿಯ ಬಿಳಿ ಇಲಿಗಳಿಗೆ, ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುವ ಸ್ಕೊಪೊಲಮೈನ್ ಔಷಧ ಚುಚ್ಚಿ ತಾತ್ಕಾಲಿಕ ಮರೆವು ಬರಿಸಿ, ಒಂದು ಗುಂಪಿಗೆ ಒಂದೆಲಗದ ಸಾರವನ್ನೂ ಇನ್ನೊಂದಕ್ಕೆ ಆಲ್ಝೈಮರ್ ಎಂಬ ಮರೆವಿನ ಕಾಯಿಲೆಗೆ ವೈದ್ಯರು ಕೊಡುವ ಡೊನೆಪೆಜಿಲ್ ಔಷಧವನ್ನೂ ಕೊಟ್ಟು ಹೋಲಿಸಿದೆ.

ನೆನಪನ್ನು ಅಳೆಯಲು ರಿಚರ್ಡ್ ಮಾರಿಸ್ 1981ರಲ್ಲಿ ಪ್ರಕಟಿಸಿದ ನೀರಿನ ತೊಟ್ಟಿಯ ವಿಧಾನವನ್ನು ಆರಿಸಿಕೊಂಡೆ. ದುಂಡನೆಯ ತೊಟ್ಟಿಯ ನೀರಿಗೆ ಹಾಲಿನ ಪುಡಿ ಕದಡಿ, ಒಂದೆರಡು ಸೆಂಟಿಮೀಟರ್ ಆಳದಲ್ಲಿ ಕಾಣದಂತೆ ಮಣೆಯೊಂದನ್ನು ಇಟ್ಟರೆ, ಇಲಿ ಗೋಡೆಯ ಗುರುತುಗಳನ್ನು ಹಿಡಿದು ಈಜುತ್ತ ದಿನದಿಂದ ದಿನಕ್ಕೆ ಬೇಗ ಅದನ್ನು ಹತ್ತಲು ಕಲಿಯುತ್ತದೆ. ಕೊನೆಯಲ್ಲಿ ಮಣೆಯನ್ನು ತೆಗೆದಾಗಲೂ ಅದು ಇದ್ದ, ತೊಟ್ಟಿಯ ಕಾಲುಭಾಗದಲ್ಲೇ ಸುತ್ತಿ ಹುಡುಕುವ ಇಲಿಗೆ ಜಾಗ ನೆನಪಿದೆ ಎಂದು ತಿಳಿಯುತ್ತೇವೆ. ಈ ಹುಡುಕಾಟಕ್ಕೆ ಬೇಕಾದ ಮಿದುಳಿನ ಹಿಪೊಕ್ಯಾಂಪಸ್, ಆಲ್ಝೈಮರ್ ಕಾಯಿಲೆಯಲ್ಲಿ ಮೊದಮೊದಲೇ ಪೆಟ್ಟು ತಿನ್ನುವ ಭಾಗಗಳಲ್ಲೊಂದು.

ಆದರೆ ತಡವಾಗಿ ಮಣೆ ಸೇರಿದ ಇಲಿಗಳೆಲ್ಲ ಮರೆತಿವೆ ಎಂದು ಬರೆದುಕೊಳ್ಳಲಾಗದು, ಮತ್ತು ನನ್ನ ಹೆಚ್ಚಿನ ಶ್ರಮ ಸಂದದ್ದು ಇಲ್ಲಿಯೇ. ನೀರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಬಿಸಿ ತಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಇಲಿಗೆ ಹೊರಬರುವ ಆತುರವೇ ಇರದೆ ಸುಮ್ಮನೆ ತೇಲುತ್ತದೆ. ಹಿಂದಿನ ಸಂಜೆಯೇ ತೊಟ್ಟಿ ತುಂಬಿಟ್ಟು, ಬೆಳಗಿನ ತಂಪಿನಲ್ಲಿ ಕೆಲಸ ಆರಂಭಿಸಿ, ಪ್ರತಿ ಇಲಿಯನ್ನು ಬಿಡುವ ಮುಂಚೆ ಥರ್ಮಾಮೀಟರ್ ನೋಡುತ್ತಿದ್ದೆ. ಬಿಳಿ ಇಲಿಗಳ ದೃಷ್ಟಿ ಮೊದಲೇ ಮಂದ. ಸ್ಕೊಪೊಲಮೈನ್ ಬೇರೆ ಕಣ್ಣಿನ ಪಾಪೆಯನ್ನು ಹಿಗ್ಗಿಸುತ್ತದೆ. ಆದ್ದರಿಂದ ಮಣೆಯನ್ನು ನೀರಿನ ಮೇಲೆ ಕಾಣುವಂತೆ ಇಟ್ಟೂ ಪರೀಕ್ಷಿಸಿದೆ, ಈಜುವ ವೇಗವನ್ನೂ ದಾಖಲಿಸಿದೆ. ಕಣ್ಣೆದುರಿನ ಮಣೆಗೇ ನೇರವಾಗಿ ಹೋಗಲಾರದ ಇಲಿಯನ್ನು ನೆನಪಿನ ಲೆಕ್ಕಕ್ಕೆ ಹಿಡಿಯುವುದು ನನ್ನ ಮಟ್ಟಿಗೆ ಅಪ್ರಾಮಾಣಿಕ.

ಬಳಿಕ ಮಿದುಳನ್ನು ಮಂಜುಗಡ್ಡೆಯ ಮೇಲಿಟ್ಟು ಅರೆದು, ಎಲ್ಮನ್ 1961ರಲ್ಲಿ ರೂಪಿಸಿದ ವಿಧಾನದಂತೆ, ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಚುರುಕನ್ನು ಅಳೆದೆ. ಗಾಜಿನ ಕೊಳವೆಯಲ್ಲಿ ಹಳದಿ ಬಣ್ಣ ಬೇಗ ಗಾಢವಾದಷ್ಟೂ ಕಿಣ್ವ ಚುರುಕಾಗಿದೆ ಎಂದರ್ಥ. ಅದನ್ನು 412 ನ್ಯಾನೊಮೀಟರ್ ತರಂಗಾಂತರದಲ್ಲಿ ಓದಿಕೊಳ್ಳುತ್ತೇವೆ.

ಒಂದೆಲಗ ಪಡೆದ ಇಲಿಗಳು ಸರಿಯಾದ ಕಾಲುಭಾಗದಲ್ಲಿ ಹೆಚ್ಚು ಹೊತ್ತು ಹುಡುಕಿದವು. ಆದರೂ ಇದನ್ನು ಆಲ್ಝೈಮರ್ ಗುಣವಾಯಿತೆಂದು ಬರೆಯಲು ನಾನು ಒಪ್ಪಲಿಲ್ಲ. ಅಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದ ನರಕೋಶಗಳ ನಡುವಿನ ಪ್ರೋಟೀನ್ ಅಂಟುಗಂಟುಗಳಾಗಲಿ ನರಕೋಶದೊಳಗಿನ ಸಿಕ್ಕುಗಳಾಗಲಿ ನನ್ನ ಇಲಿಗಳಲ್ಲಿರಲಿಲ್ಲ, ಸ್ಕೊಪೊಲಮೈನ್ ಪ್ರಭಾವ ಇಳಿದರೆ ಅವುಗಳ ಮರೆವೂ ಇಳಿಯುತ್ತದೆ. ಅವ್ವನಿಗೆ ಒಂದೆಲಗ ಕೊಟ್ಟರೆ ವಾಸಿಯಾಗುವುದೇ ಎಂದು ಪರಿಚಯದವರು ಕೇಳಿದಾಗ, ಸೊಪ್ಪನ್ನು ಅಡುಗೆಯಲ್ಲಿ ಬಳಸಿ, ವೈದ್ಯರು ಬರೆದ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ ಎಂದು ಹೇಳುತ್ತೇನೆ.